ಹೊಲಿದುಹೋದ ಜೇಬು, ನೊರೆ ಬಂದ ಸಾರು

ಕಳೆದ ವರ್ಷ ಶ್ರಾವಣದ ಮೊದಲ ಶನಿವಾರ. ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ನಮ್ಮ ಯಜಮಾನರ ಮುಂದೆ ಬಂತು. ಇವರು ಆರತಿ ತಗೊಂಡು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ದಕ್ಷಿಣೆ ಹಾಕಲು ಪ್ಯಾಂಟಿನ ಬಲಗಡೆ ಜೇಬಿಗೆ ಕೈ ಹಾಕಿದರು. ಎರಡು ಬೆರಳು ಒಳಗೆ ಹೋದವು, ಅಲ್ಲೇ ನಿಂತವು.

ನೋಟು ಒಳಗಿತ್ತು. ಮೇಲಿಂದ ಮುಟ್ಟಿದರೆ ಸರಸರ ಅನ್ನುತ್ತಿತ್ತು. ಕೈಗೆ ಮಾತ್ರ ಸಿಗುತ್ತಿರಲಿಲ್ಲ. ಇವರು ಒಮ್ಮೆ ಬಲಕ್ಕೆ ಬಾಗಿದರು, ಒಮ್ಮೆ ಎಡಕ್ಕೆ ವಾಲಿದರು, ಒಂದು ಕಾಲು ಎತ್ತಿಯೂ ನೋಡಿದರು. ಪರ್ಸು, ಫೋನು ಎರಡೂ ನನ್ನ ಚೀಲದಲ್ಲಿ. ನಾನು ಹೆಂಗಸರ ಸಾಲಿನಲ್ಲಿ. ಅರ್ಚಕರು ತಟ್ಟೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾದರು. ಆಮೇಲೆ, "ಇರಲಿ ಬಿಡಿ ಸ್ವಾಮಿ, ಅಷ್ಟು ಕಷ್ಟಪಡಬೇಡಿ" ಎಂದು ಮುಂದಕ್ಕೆ ಹೋದರು. ಹಿಂದಿದ್ದವರು ನಕ್ಕದ್ದು ನನಗೂ ಕೇಳಿಸಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ಇಲ್ಲಿ ಹೋದದ್ದು 50 ರೂಪಾಯಿಗೆ.

ತಪ್ಪು ನನ್ನದೇ. ಕೀ ಗೊಂಚಲು ಹಾಕಿ ಹಾಕಿ ಆ ಜೇಬಿನ ತಳ ತೂತಾಗಿತ್ತು. ಟೈಲರ್ ಹತ್ತಿರ ಕೊಟ್ಟರೆ 30 ರೂಪಾಯಿ ಕೇಳುತ್ತಾರೆ. ಅಷ್ಟಕ್ಕೆಲ್ಲ ಟೈಲರ್ ಯಾಕೆ, ನಾನಿಲ್ವಾ ಅಂತ ಹಿಂದಿನ ರಾತ್ರಿ ಮಿಷನ್ ಮುಂದೆ ಕೂತಿದ್ದೆ. ಜೇಬಿನ ಚೀಲ ಒಳಗೇ ಮಡಚಿಕೊಂಡಿದ್ದನ್ನು ನೋಡಲಿಲ್ಲ. ತಳಕ್ಕೆ ಹಾಕಬೇಕಾದ ಹೊಲಿಗೆಯನ್ನು ನಟ್ಟನಡುವೆ ಹಾಕಿದ್ದೆ. ಬಿಚ್ಚಿಹೋಗಬಾರದಲ್ಲ, ಅದಕ್ಕೇ ಎರಡು ಸಾಲು. ಜೇಬಿನೊಳಗೆ ನೋಟು ಇದೆಯಾ ಅಂತ ನೋಡುವ ಬುದ್ಧಿ ಆ ಹೊತ್ತಿನಲ್ಲಿ ಯಾರಿಗಿರುತ್ತದೆ? ಮನೆಗೆ ಬಂದ ಮೇಲೆ ಇವರು ಆ ಹೊಲಿಗೆಯನ್ನು ಬಿಚ್ಚಲು ಬಿಡಲಿಲ್ಲ. "ಇರಲಿ ಬಿಡು. ನೀನು ಉಳಿತಾಯ ಅಂತ ಶುರು ಮಾಡಿದ ಮೇಲೆ ನಿಜವಾಗಿ ಉಳಿದಿರೋ ದುಡ್ಡು ಇದೊಂದೇ" ಎಂದರು.

ಈ ಉಳಿತಾಯದ ಹುಚ್ಚು ಹತ್ತಿದ್ದು ನಮ್ಮ ಅತ್ತೆಯಿಂದ. ಅವರ ತವರು ತಿಪಟೂರು ಕಡೆ. ತೆಂಗಿನ ಸೀಮೆಯವರು. ಕಾಯಿ ಅಡುಗೆಗೆ, ನಾರು ಪಾತ್ರೆ ತಿಕ್ಕಲು, ಚಿಪ್ಪು ನೀರೊಲೆಗೆ, ಗರಿ ಕಡ್ಡಿ ಪೊರಕೆಗೆ. ಮರದಲ್ಲಿ ಬಿಸಾಡುವಂಥದ್ದು ಏನೂ ಇಲ್ಲ ಅಂತ ನೋಡಿಯೇ ಬೆಳೆದವರು. ಮೈಸೂರಿಗೆ ಸೊಸೆಯಾಗಿ ಬಂದು ಐವತ್ತು ವರ್ಷವಾದರೂ ಆ ಕಣ್ಣು ಹೋಗಿಲ್ಲ. ಮನೆಯಲ್ಲಿರುವ ಪ್ರತಿ ವಸ್ತುವನ್ನೂ ತೆಂಗಿನಮರದ ಹಾಗೆಯೇ ನೋಡುತ್ತಾರೆ.

ಅವರ ಹೊಲಿಗೆ ಡಬ್ಬಿಯನ್ನು ಒಮ್ಮೆ ನೋಡಬೇಕು ನೀವು. ಸತ್ತ ಶರ್ಟುಗಳ ಗುಂಡಿಗಳೆಲ್ಲ ಸೈಜಿನ ಪ್ರಕಾರ ದಾರದಲ್ಲಿ ಪೋಣಿಸಿ ಸರ ಆಗಿರುತ್ತವೆ. ರವಿಕೆಗಳಿಂದ ಕಿತ್ತ ಹುಕ್ಕುಗಳು ಒಂದು ಪೊಟ್ಟಣದಲ್ಲಿ. ನಾಲ್ಕೈದು ಜಿಪ್ಪು. ಒಂದು ಸೋಪಿನ ಚೂರಿಗೆ ಸೂಜಿಗಳನ್ನು ಚುಚ್ಚಿಟ್ಟಿರುತ್ತಾರೆ, ದಪ್ಪ ಬಟ್ಟೆಯಲ್ಲೂ ಸರಾಗವಾಗಿ ಹೋಗಲಿ ಅಂತ. ಮಾವನವರ ಶರ್ಟು ಹಳೆಯದಾದರೆ ಮೊದಲು ಗುಂಡಿ ಕೀಳುತ್ತಾರೆ. ಬೆನ್ನಿನ ಭಾಗ ದಿಂಬಿನ ಕವರ್ ಆಗುತ್ತದೆ. ಕವರ್ ಸವೆದರೆ ನೆಲ ಒರೆಸುವ ಬಟ್ಟೆ. ತೋಳು ಅಡುಗೆಮನೆಯ ಮಸಿಬಟ್ಟೆ. ಕಾಲರ್ ಒಂದು ಮಾತ್ರ ಯಾವುದಕ್ಕೂ ಬರುವುದಿಲ್ಲ ಅಂತ ಅವರಿಗೆ ಇವತ್ತಿಗೂ ಕೊರಗು.

ನನ್ನದು ಕೈಗಿಂತ ಬಾಯಿ ಮುಂದೆ. ಯುಗಾದಿ ದಿನ ಎಲ್ಲರ ಮುಂದೆ, "ಈ ವರ್ಷ ಮನೆಯಲ್ಲಿ ಏನೂ ಬಿಸಾಡುವುದಿಲ್ಲ" ಎಂದು ಘೋಷಣೆ ಮಾಡಿದೆ. ಲೆಕ್ಕ ಬರೆಯಲು ಒಂದು ನೋಟ್‌ಬುಕ್ ಕೊಂಡೆ, 60 ರೂಪಾಯಿ. ಮೂಲೆಯಲ್ಲಿದ್ದ ಹಳೆ ಮಿಷನ್ನಿಗೆ ಬೆಲ್ಟು, ಬಾಬಿನ್ ಕೇಸು, ಎಣ್ಣೆ, ರಿಪೇರಿಯವರ ಕೂಲಿ ಸೇರಿ 850. ಮೊದಲ ಪುಟದಲ್ಲೇ 910 ರೂಪಾಯಿ ಮೈನಸ್. ಪರವಾಗಿಲ್ಲ, ಬಂಡವಾಳ ಹಾಕದೆ ಲಾಭ ಬರುತ್ತದೆಯೇ ಅಂತ ಸಮಾಧಾನ ಮಾಡಿಕೊಂಡೆ.

ಮೊದಲ ಗಿರಾಕಿ ಮಗ. ಅವನ ಯೂನಿಫಾರ್ಮ್ ಪ್ಯಾಂಟನ್ನು ನಾವು ಯಾವಾಗಲೂ ಎರಡು ಸೈಜು ದೊಡ್ಡದು ತರುತ್ತೇವೆ. ತುದಿ ಮಡಚಿ ಹೊಲಿಯುವುದು, ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಬಿಚ್ಚಿದ ಕಡೆಯೆಲ್ಲ ಬಣ್ಣ ಮಾಸದೆ ಗಾಢವಾದ ಪಟ್ಟೆ ಉಳಿದಿರುತ್ತದೆ. ಪಟ್ಟೆ ಎಣಿಸಿದರೆ ಹುಡುಗ ಎಷ್ಟನೇ ಕ್ಲಾಸು ಅಂತ ಹೇಳಬಹುದು. ಆ ಪ್ಯಾಂಟಿನ ಮೊಣಕಾಲು ಹರಿಯಿತು. ಅದೇ ಬಣ್ಣದ ಹೊಸ ಕಾಟನ್ ಬಟ್ಟೆ ತಂದು ತೇಪೆ ಹಾಕಿದೆ. ಎಷ್ಟು ಚಂದ ಬಂದಿತ್ತು ಅಂದರೆ ಫೋಟೋ ತೆಗೆದು ತಂಗಿಗೆ ಕಳಿಸಿದೆ. ಒಂದು ಸಲ ಒಗೆದು ಒಣಗಿಸಿದೆವು ನೋಡಿ, ತೇಪೆ ಹಪ್ಪಳದ ಹಾಗೆ ಮುದುಡಿಕೊಂಡಿತು. ತಾನು ಮುದುಡಿದ್ದಲ್ಲದೆ ಸುತ್ತಲಿನ ಹಳೆ ಬಟ್ಟೆಯನ್ನೂ ಎಳೆದು ಪರ್ರನೆ ಸೀಳಿತು. ತೇಪೆ ಉಳಿಯಿತು, ಪ್ಯಾಂಟು ಹೋಯಿತು.

"ಹೊಸ ಬಟ್ಟೇನ ನೀರಲ್ಲಿ ನೆನೆಸಿ ಒಣಗಿಸದೆ ತೇಪೆಗೆ ಹಾಕ್ತಾರೇನಮ್ಮ?" ಎಂದರು ಅತ್ತೆ. ಹಳೆ ಬಟ್ಟೆ ಕುಗ್ಗುವಷ್ಟು ಕುಗ್ಗಿಬಿಟ್ಟಿರುತ್ತದೆ, ಹೊಸದು ಇನ್ನು ಮುಂದೆ ಕುಗ್ಗಬೇಕು. ಇಷ್ಟೇ ವಿಷಯ. ಆದರೆ ಅತ್ತೆಯವರ ಜ್ಞಾನ ಯಾವಾಗಲೂ ಪ್ಯಾಂಟು ಹರಿದ ಮೇಲೆ ಹೊರಗೆ ಬರುತ್ತದೆ. ಮಗಳ ಜೀನ್ಸಿಗೂ ಹಾಗೇ ಆಯಿತು. ಮಿಷನ್ನಿನಲ್ಲಿದ್ದ 14ನೇ ನಂಬರ್ ಸೂಜಿ ಮೂರು ಪದರ ಬಂದ ಕಡೆ ಟಣ್ ಎಂದು ಮುರಿಯಿತು. ಇನ್ನೊಂದು ಹಾಕಿದೆ, ಅದೂ ಟಣ್. ಆಗ ಒಳಗಿನಿಂದ ಧ್ವನಿ ಬಂತು: "ಜೀನ್ಸಿಗೆ 18 ಹಾಕಬೇಕು." ಕಷ್ಟಪಟ್ಟು ಹೊಲಿದು ಕೊಟ್ಟರೆ ಮಗಳು ಮುಖ ಸಣ್ಣ ಮಾಡಿಕೊಂಡಳು. ಅದು ಹರಿದ ಜೀನ್ಸೇ ಅಂತೆ. ಹರಿದದ್ದಕ್ಕೇ ಜಾಸ್ತಿ ದುಡ್ಡು ಕೊಟ್ಟು ತಂದಿದ್ದಳಂತೆ!

ಕೌದಿಯ ಕಥೆ ಚಿಕ್ಕದು. ಒಂದು ಮೇಳದಲ್ಲಿ ಕೌದಿ ನೋಡಿ ಮನಸೋತಿದ್ದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಪಂಚೆಗಳನ್ನು ಪದರ ಪದರವಾಗಿ ಇಟ್ಟು ಹೊಲಿಯುವ ಹೊದಿಕೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವುದರಲ್ಲಂತೂ ಬಣ್ಣದ ಚೂರುಗಳದ್ದೇ ಜಾತ್ರೆ. ಬೆಲೆ ಸಾವಿರಗಳಲ್ಲಿತ್ತು. ಅಷ್ಟು ಹೊಲಿಗೆಗೆ ಅದು ಕಡಿಮೆಯೇ ಅಂತ ಈಗ ಗೊತ್ತು. ಆಗ ಮಾತ್ರ, ನನ್ನ ಹತ್ತಿರ ಸೀರೆ ಇಲ್ವಾ, ಸೂಜಿ ಇಲ್ವಾ ಅನ್ನಿಸಿತ್ತು. ಮೂರು ಸೀರೆ ಹಾಸಿ ತೊಡೆ ಮೇಲೆ ಹಾಕಿಕೊಂಡು ಎರಡು ಗಂಟೆ ಹೊಲಿದೆ. ಬಾಗಿಲಲ್ಲಿ ಕೊರಿಯರ್ ಹುಡುಗ ಬೆಲ್ ಮಾಡಿದ. ಎದ್ದೆ. ಕೌದಿಯೂ ನನ್ನ ಜೊತೆ ಎದ್ದಿತು. ಉಟ್ಟ ಸೀರೆಯನ್ನೂ ಸೇರಿಸಿ ನಾಲ್ಕು ಪದರ ಹೊಲಿದುಬಿಟ್ಟಿದ್ದೆ. ಹುಡುಗ ಪಾಪ, ಏನೂ ಕೇಳದೆ ಸಹಿ ಮಾಡಿಸಿಕೊಂಡು ಹೋದ.

ಅಲ್ಲಿಗೆ ಬಟ್ಟೆಯ ವಿಭಾಗವನ್ನು ಅತ್ತೆಗೆ ಒಪ್ಪಿಸಿ ಅಡುಗೆಮನೆಗೆ ಬಂದೆ.

ಅಡುಗೆಮನೆಯಲ್ಲಿ ಅತ್ತೆ ಮಾಡುವುದು ಉಳಿತಾಯ ಅಂತ ತಿನ್ನುವವರಿಗೆ ಗೊತ್ತೇ ಆಗುವುದಿಲ್ಲ. ಹೀರೆಕಾಯಿ ಪಲ್ಯ ಮಾಡಿದ ದಿನ ಅದರ ಸಿಪ್ಪೆಯ ಚಟ್ನಿ. ಕಲ್ಲಂಗಡಿಯ ಕೆಂಪು ತಿಂದ ಮೇಲೆ ಬಿಳಿ ಭಾಗ ಅಕ್ಕಿ ಜೊತೆ ರುಬ್ಬಿ ದೋಸೆ. ಮಜ್ಜಿಗೆ ಹುಳಿಯಾದರೆ ಅವತ್ತು ಮಜ್ಜಿಗೆಹುಳಿ. ದೋಸೆ ಹಿಟ್ಟು ಹುಳಿ ಬಂದರೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು. ನಾನು ಮಾಡಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಸೋಮವಾರ ಮಿಕ್ಕ ಇಡ್ಲಿಯನ್ನು ಮಂಗಳವಾರ ಪುಡಿ ಮಾಡಿ ಉಪ್ಪಿಟ್ಟು ಮಾಡಿದೆ. ಮಿಕ್ಕ ಉಪ್ಪಿಟ್ಟಿಗೆ ಬುಧವಾರ ಆಲೂಗಡ್ಡೆ ಸೇರಿಸಿ ಕಟ್ಲೆಟ್ ಮಾಡಿದೆ. ಮಗ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. "ಅಮ್ಮಾ, ಇದು ಸೋಮವಾರದ್ದಲ್ವಾ?" ಎಂದ.

ಆಮೇಲೆ ಆ ಭಾನುವಾರ. ವರಮಹಾಲಕ್ಷ್ಮಿ ಹಬ್ಬಕ್ಕೆ ಐದು ದಿನ ಇತ್ತು. ಮದುವೆ ಕರೆಯಲು ನೆಂಟರು ಬರುತ್ತೇವೆ ಅಂದಿದ್ದರು. ಇಬ್ಬರು ಅಂದುಕೊಂಡಿದ್ದೆವು, ಕಾರಿನಿಂದ ಐದು ಜನ ಇಳಿದರು. ಅವತ್ತು ಮನೆಯಲ್ಲಿದ್ದ ನಾವು ನಾಲ್ಕು. ಒಲೆ ಮೇಲಿದ್ದ ಸಾರು ಆರು ಜನಕ್ಕೆ. ಅತ್ತೆ ದೇವರ ಮನೆಯಲ್ಲಿ ಜಪ ಮಾಡುತ್ತಿದ್ದರು. ಮಾತಾಡುವ ಹಾಗಿಲ್ಲ. ಸಾರು ಹಿಗ್ಗಿಸುವುದು ನನಗೂ ಗೊತ್ತಿತ್ತು. ನೀರು ಸುಮ್ನೆ ಹೊಯ್ಯುವುದಲ್ಲ. ಇನ್ನೆರಡು ಟೊಮೆಟೊ, ಸ್ವಲ್ಪ ಹುಣಸೆ ರಸ, ಉಪ್ಪು, ಒಂದು ಚೂರು ಬೆಲ್ಲ, ಮೇಲೆ ಎರಡು ಚಮಚ ಸಾರಿನ ಪುಡಿ. ಒಗ್ಗರಣೆ ಕೊನೆಗೆ.

ಈಗ ನಮ್ಮ ಮನೆಯ ಬಾಟಲಿಗಳ ಬಗ್ಗೆ ಹೇಳಬೇಕು. ನಮ್ಮಲ್ಲಿ ಯಾವ ಬಾಟಲಿಯನ್ನೂ ಎಸೆಯುವುದಿಲ್ಲ. ಹಾಗಾಗಿ ಯಾವ ಬಾಟಲಿಯ ಮೇಲೆ ಬರೆದಿದ್ದೂ ಅದರೊಳಗೆ ಇರುವುದಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ, ಜೇನುತುಪ್ಪದ ಬಾಟಲಿಯಲ್ಲಿ ಸಾಸಿವೆ, ಕಾಫಿ ಡಬ್ಬಿಯಲ್ಲಿ ಉದ್ದಿನ ಬೇಳೆ. ಇದೆಲ್ಲ ನನಗೆ ಬಾಯಿಪಾಠ. ಬಾಯಿಪಾಠ ಇಲ್ಲದ ಒಂದು ವಿಷಯ ಅಂದರೆ, ಹಿಂದಿನ ದಿನವಷ್ಟೇ ಅತ್ತೆ ಇನ್ನೊಂದು ಹಾರ್ಲಿಕ್ಸ್ ಬಾಟಲಿ ತೊಳೆದು ಒಣಗಿಸಿ, ಅದಕ್ಕೆ ಸೀಗೆಪುಡಿ ತುಂಬಿ ಪಕ್ಕದಲ್ಲೇ ಇಟ್ಟಿದ್ದರು.

ಪುಡಿ ಹಾಕಿದೆ. ಉರಿ ಜಾಸ್ತಿ ಮಾಡಿದೆ. ಸಾರು ಕುದಿಯಬಾರದು, ನೊರೆ ಎದ್ದ ಕೂಡಲೇ ಇಳಿಸಬೇಕು ಅಂತ ಮದುವೆಯಾದ ಹೊಸತರಲ್ಲಿ ಅತ್ತೆಯೇ ಹೇಳಿಕೊಟ್ಟಿದ್ದರು. ನೊರೆ ಎದ್ದಿತು. ಎಂಥ ನೊರೆ! ಇಷ್ಟು ವರ್ಷದಲ್ಲಿ ಇವತ್ತು ಸಾರು ಪಕ್ಕಾ ಬಂತು ಅಂತ ಹೆಮ್ಮೆಯಿಂದ ಒಲೆ ಆರಿಸಿದೆ. ನೊರೆ ಇಳಿಯಲಿಲ್ಲ. ಸೌಟು ಆಡಿಸಿದೆ, ಇನ್ನಷ್ಟು ಎದ್ದಿತು. ಪಾತ್ರೆಯ ಅಂಚು ದಾಟಿ ಒಲೆಯ ಮೇಲೆ ಮೆಲ್ಲಗೆ ಇಳಿಯಿತು. ಒಂದು ಗುಳ್ಳೆ ಬೇರೆಯಾಗಿ, ಕಿಟಕಿಯ ಬೆಳಕಿಗೆ ಬಣ್ಣ ಬಣ್ಣವಾಗಿ ಹೊಳೆದು ಒಡೆಯಿತು. ಆಗ ಮೂಗಿಗೆ ಬಂತು ವಾಸನೆ. ದೀಪಾವಳಿ ಬೆಳಿಗ್ಗೆಯ ಬಚ್ಚಲುಮನೆ ವಾಸನೆ.

ಹೋಟೆಲಿನಿಂದ ಒಂಬತ್ತು ಊಟ ತರಿಸಿದೆವು. ಒಂದಕ್ಕೆ 120ರಂತೆ 1,080 ರೂಪಾಯಿ. ಡೆಲಿವರಿ ಬೇರೆ. ನೆಂಟರು, "ಮನೆ ಊಟ ಇದ್ದ ಹಾಗೇ ಇದೆ" ಎಂದು ಹೊಗಳಿದರು. ನಾನು ತಲೆ ತಗ್ಗಿಸಿ ಹಪ್ಪಳ ಬಡಿಸಿದೆ.

ಅವರು ಹೋದ ಮೇಲೆ ಸಾರಿನ ಪಾತ್ರೆ ಎತ್ತಿ ಸಿಂಕಿಗೆ ಸುರಿಯಲು ಹೊರಟೆ. ಹಿಂದಿನಿಂದ ಅತ್ತೆ ಕೈ ಹಿಡಿದರು.

"ಅಯ್ಯೋ, ಚೆಲ್ತೀಯಾ?"

"ಇನ್ನೇನು ಮಾಡೋದು ಅತ್ತೆ?"

"ಅದರಲ್ಲಿ ಏನೇನಿದೆ ಹೇಳು."

ಹುಣಸೆಹಣ್ಣು, ಟೊಮೆಟೊ, ಉಪ್ಪು, ಸೀಗೆಪುಡಿ ಎಂದು ಹೇಳುತ್ತಾ ಹೋದ ಹಾಗೆ ನನ್ನ ಧ್ವನಿ ನಿಧಾನವಾಯಿತು. ಅತ್ತೆ ಆಗಲೇ ಅಟ್ಟದಿಂದ ಹಿತ್ತಾಳೆ ದೀಪದ ಕಂಬಗಳನ್ನು ಇಳಿಸಿಕೊಳ್ಳುತ್ತಿದ್ದರು. ಬೇಳೆಯನ್ನು ಸೋಸಿ ತೆಗೆದು, ದೀಪ, ಕಳಶದ ಚೊಂಬು, ಗಂಟೆ ಎಲ್ಲವನ್ನೂ ಸಾರಿನಲ್ಲಿ ಅದ್ದಿ ಇಟ್ಟರು. ಸಂಜೆ ತೆಂಗಿನ ನಾರಿನಿಂದ ಉಜ್ಜಿದರು.

ವರಮಹಾಲಕ್ಷ್ಮಿ ದಿನ ಅರಿಶಿನ ಕುಂಕುಮಕ್ಕೆ ಬಂದ ಎದುರುಮನೆಯವರು ದೀಪಗಳನ್ನು ನೋಡುತ್ತಾ ನಿಂತೇಬಿಟ್ಟರು. "ಎಷ್ಟು ಚಿನ್ನದ ಹಾಗೆ ಹೊಳೀತಿದೆಯಮ್ಮ! ಯಾವ ಪೌಡರ್ ಹಾಕ್ತೀರಿ?" ಎಂದು ಕೇಳಿದರು.

ಅತ್ತೆ ನನ್ನ ಕಡೆ ನೋಡಲಿಲ್ಲ. ಕುಂಕುಮದ ಬಟ್ಟಲು ಮುಂದೆ ಹಿಡಿಯುತ್ತಾ, "ಮಾರ್ಕೆಟ್ಟಲ್ಲಿ ಸಿಗಲ್ಲಮ್ಮ, ನಮ್ಮ ಸೊಸೆ ಮನೇಲೇ ಕುದಿಸ್ತಾಳೆ" ಎಂದರು.