ಸ್ಪಷ್ಟನೆ: ₹4,122 ಒಂದು ಮನೆಯ ಖರ್ಚಲ್ಲ, ಒಬ್ಬರ ಖರ್ಚು

ಹೊಸದಾಗಿ ಕಿರಾಣಿ ಅಂಗಡಿ ಇಡುವವರಿಗೆಂದು ಕಳೆದ ವಾರ ನಾನು ಕಳಿಸಿದ ಮೆಸೇಜಿನಲ್ಲಿ ತಪ್ಪಿದೆ. ‘ಹಳ್ಳಿಯ ಒಂದು ಕುಟುಂಬ ತಿಂಗಳಿಗೆ ₹4,122, ಪಟ್ಟಣದ ಕುಟುಂಬ ₹6,996 ಖರ್ಚು ಮಾಡುತ್ತದೆ’ ಎಂದು ಬರೆದಿದ್ದೆ. ಅದೀಗ ಹಲವು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ.

ಅಂಕಿ ಸರಿ, ಅರ್ಥ ತಪ್ಪು. ಕೇಂದ್ರದ ಅಂಕಿಅಂಶ ಸಚಿವಾಲಯದ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಇವು ತಲಾ ಮಾಸಿಕ ವೆಚ್ಚ, ಅಂದರೆ ಒಬ್ಬ ವ್ಯಕ್ತಿಯದು. ಅದೂ ಇಡೀ ದೇಶದ ಸರಾಸರಿ. ನಾಲ್ಕು ಜನರಿರುವ ಹಳ್ಳಿಮನೆಗೆ ಲೆಕ್ಕ ಹಾಕಿದರೆ ₹16,488 ಆಗುತ್ತದೆ. ಹಾಗೆಂದು ಅಷ್ಟೂ ನಿಮ್ಮ ಗಲ್ಲಾಕ್ಕೆ ಬರುವ ದುಡ್ಡಲ್ಲ. ಹಳ್ಳಿಗಳಲ್ಲಿ ಆಹಾರದ ಪಾಲು ಸುಮಾರು ಶೇ 47. ಅದರೊಳಗೆ ಹಾಲು, ತರಕಾರಿ, ಹೋಟೆಲ್ ತಿಂಡಿ, ಸ್ವಂತ ಹೊಲದಲ್ಲಿ ಬೆಳೆದು ಉಂಡದ್ದರ ಬೆಲೆಯೂ ಸೇರಿದೆ. ಸಾಲ ತೆಗೆಯುವ ಮುನ್ನ ದಯವಿಟ್ಟು ಇದನ್ನು ಗಮನಿಸಿ.

ಆ ಮೆಸೇಜಿಗೆ ‘ವರದಿ ಬೇಕಿದ್ದರೆ ₹500 ಕಟ್ಟಬೇಕು’ ಎಂಬ ಸಾಲೂ ಸೇರಿಕೊಂಡಿದೆ. ಕಟ್ಟಬೇಕಿಲ್ಲ. ಸಚಿವಾಲಯದ ಜಾಲತಾಣದಲ್ಲಿ ವರದಿ ಉಚಿತ. ರಾಜ್ಯವಾರು ಕೋಷ್ಟಕಗಳೂ ಅದರಲ್ಲೇ ಇವೆ. ಕರ್ನಾಟಕದ ಅಂಕಿ ನೋಡಿಯೇ ಲೆಕ್ಕ ಹಾಕಿ.

ಹಳೆಯ ಮೆಸೇಜನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.