ಕೆಳಗೆ ನಿಂತವರೆಲ್ಲ ಮೇಸ್ತ್ರಿಗಳೇ

ನಾನು ಮಾಡುವ ಕೆಲಸಕ್ಕೆ ಮೂಡಿಗೆರೆ ಕಡೆ ಮರಗಸಿ ಅನ್ನುತ್ತಾರೆ. ಕಾಫಿ ತೋಟದ ನೆರಳು ಮರ ಹತ್ತಿ, ಕೊಂಬೆ ಕಡಿದು, ಗಿಡಕ್ಕೆ ಬಿಸಿಲು ಬಿಡುವ ಕೆಲಸ. ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಮುಂಗಾರು ಹಿಡಿಯುವವರೆಗೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಜೂನ್ ಬಂತೆಂದರೆ ಹೆಂಡತಿ ಬಿಟ್ಟು ಬೇರೆ ಯಾರೂ ಫೋನ್ ಮಾಡುವುದಿಲ್ಲ.

"ಮರ ಹತ್ತೋಕೆ ಹೆದರಿಕೆ ಆಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಮರ ಪಾಪ, ನಿಂತಲ್ಲೇ ನಿಂತಿರುತ್ತದೆ. ನನಗೆ ಹೆದರಿಕೆ ಕೆಳಗೆ ನಿಂತವರದ್ದು.

"ಜಾಸ್ತಿ ತೆಗೀಬೇಡ ಮಾರಾಯ, ಬಿಸಿಲು ಬಿದ್ರೆ ಬೋರರ್ ಹೊಡೆಯುತ್ತೆ" ಅನ್ನುತ್ತಾರೆ ತೋಟದ ಯಜಮಾನರು. ಹತ್ತು ನಿಮಿಷ ಬಿಟ್ಟು ಅವರೇ, "ಇಷ್ಟೇನಾ ತೆಗೆದಿದ್ದು? ಮಳೆಗಾಲದಲ್ಲಿ ಕೊಳೆ ಬಂದ್ರೆ ಯಾರು ನೋಡ್ತಾರೆ?" ಎರಡೂ ನಿಜವೇ. ಅರೇಬಿಕಾ ಗಿಡದ ಸ್ವಭಾವವೇ ಹಾಗೆ, ಬಿಸಿಲು ಹೆಚ್ಚಾದರೆ ಕಾಂಡ ಕೊರೆಯುವ ಹುಳ, ನೆರಳು ಹೆಚ್ಚಾದರೆ ಕೊಳೆರೋಗ. ಆದರೆ ಕಡಿದ ಕೊಂಬೆಯನ್ನು ವಾಪಸ್ ಅಂಟಿಸುವ ಗೋಂದು ಇನ್ನೂ ಬಂದಿಲ್ಲವಲ್ಲ.

ಮೊದಲು ಕತ್ತಿಯಲ್ಲೇ ಕಡಿಯುತ್ತಿದ್ದೆ. ಆಮೇಲೆ ಸಾಲ ಮಾಡಿ ಚೈನ್ ಸಾ ತಂದೆ. ನಾವು ಅದಕ್ಕೆ ಸುಮ್ನೆ ಮಿಷನ್ ಅನ್ನುತ್ತೇವೆ. ತಂದ ವಾರದಲ್ಲೇ ಚೈನ್ ಬಿಚ್ಚಿ, ಗುಂಡು ಅರದಲ್ಲಿ ಹಲ್ಲು ಮಸೆದು, ಹೆಮ್ಮೆಯಿಂದ ಹಾಕಿದೆ. ಉಲ್ಟಾ ಹಾಕಿದ್ದೆ. ಸಿಲ್ವರ್ ಓಕ್ ಮರದ ಮೇಲೆ ಕೂತು ಒತ್ತಿದರೆ ಹೊಗೆ ಬರುತ್ತದೆ, ಕೊಂಬೆ ಕಪ್ಪಾಗುತ್ತದೆ, ಪುಡಿ ಮಾತ್ರ ಬೀಳುತ್ತಿಲ್ಲ. ಸಹಾಯಕ್ಕೆ ಬರುವ ನನ್ನ ಅಕ್ಕನ ಮಗ ಕೆಳಗಿಂದ, "ಮಾವ, ಇದು ಕೊಯ್ಯೋ ಮಿಷನ್ನಾ, ಸುಡೋ ಮಿಷನ್ನಾ?" ಅಂದ. ಯಜಮಾನರಿಗೆ ನಾನು, "ಈ ಮರ ಭಾರಿ ಗಟ್ಟಿ ಇದೆ ಅಣ್ಣ" ಅಂದುಬಿಟ್ಟೆ. ಮೆಣಸಿನ ಬಳ್ಳಿ ಹಬ್ಬಿಸೋಕೆ ನೆಡುವ ಮೆದು ಮರ ಸಿಲ್ವರ್ ಓಕ್ ಗಟ್ಟಿ! ಆ ಮಾತನ್ನು ಅವರು ಇವತ್ತಿಗೂ ಮದುವೆಮನೆಗಳಲ್ಲಿ ಹೇಳಿ ನಗಿಸುತ್ತಾರೆ. ಅದೇ ಹುಡುಗ ಇನ್ನೊಂದು ದಿನ ಬರೀ ಪೆಟ್ರೋಲ್ ಸುರಿದ. ಲೀಟರಿಗೆ 20 ಎಂಎಲ್ ಟೂ-ಟಿ ಆಯಿಲ್ ಬೆರೆಸಬೇಕಿತ್ತು. ಎಂಜಿನ್ ಸೀಜ್ ಆಯಿತು. ರಿಪೇರಿ ಬಿಲ್ ನೋಡಿ ನಾನೂ ಅರ್ಧ ಸೀಜ್ ಆದೆ.

ಈಗ ಹಲಸಿನ ಮರದ ಕಥೆಗೆ ಬರುತ್ತೇನೆ. ತೋಟದ ಯಜಮಾನರ ಮನೆಯ ಹೆಂಚಿನ ಮೇಲೆ ಒಂದು ದಪ್ಪ ಕೊಂಬೆ ಚಾಚಿತ್ತು. ಅದರಲ್ಲಿ ಎರಡು ಹಣ್ಣು. "ಹೆಂಚೂ ಒಡೀಬಾರದು, ಹಣ್ಣೂ ಒಡೀಬಾರದು" ಅಂದರು ಮನೆಯ ಅಮ್ಮ. ಹಗ್ಗ ಕಟ್ಟಿ ನಿಧಾನ ಇಳಿಸುವುದೆಂದು ಮೇಲೆ ಹೋಗಿ ಬೆಲ್ಟ್ ಬಿಗಿದುಕೊಂಡೆ.

ಅಡ್ಡ ಚಾಚಿದ ಕೊಂಬೆಗೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು, ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೇಡ. ಆಮೇಲೆ ಮೇಲಿನಿಂದ. ಆಗ ಸಿಪ್ಪೆ ಸೀಳುವುದಿಲ್ಲ. ಅಷ್ಟು ಕೊಯ್ದು ಮಿಷನ್ ತೆಗೆಯಬೇಕು ಅನ್ನುವಾಗ ಯಜಮಾನರು ಕೂಗಿದರು, "ಇನ್ನೂ ಸ್ವಲ್ಪ ಕೆಳಗಿಂದ ಕೊಯ್ಯಿ!" ಪಕ್ಕದಲ್ಲಿ ನಿಂತಿದ್ದ ತೋಟದ ಮೇಸ್ತ್ರಿಯೂ, "ಹೌದೌದು" ಅಂದ. ದೊಡ್ಡವರ ಮಾತು, ಕೊಯ್ದೆ. ಕೊಂಬೆ ತನ್ನ ಭಾರಕ್ಕೆ ತಾನೇ ಬಾಗಿ, ಕೊಯ್ದ ಬಾಯಿ ಮುಚ್ಚಿಕೊಂಡು, ಮಿಷನ್ನಿನ ಚೈನ್ ಓಡುವ ಪಟ್ಟಿಯನ್ನು ಕಚ್ಚಿ ಹಿಡಿಯಿತು. ಮಿಷನ್ ಆಫ್ ಮಾಡಿ ಎಳೆದೆ. ಜಗ್ಗಲಿಲ್ಲ.

ಎಳೆದ ರಭಸಕ್ಕೆ ಚಗಳಿ ಗೂಡು ಅಲುಗಿತು. ಎಲೆ ಹೊಲಿದು ಮನೆ ಕಟ್ಟುವ ಆ ಕೆಂಪು ಇರುವೆಗಳಿಗೆ ನನ್ನ ಪ್ಯಾಂಟಿನ ದಾರಿ ಹೇಗೆ ಗೊತ್ತಾಯಿತೋ. ಒಂದು ಕೈ ಮರದಲ್ಲಿ, ಸೊಂಟ ಬೆಲ್ಟಿನಲ್ಲಿ. ಓಡುವುದೆಲ್ಲಿಗೆ?

"ಅಲ್ಲಾಡಬೇಡ, ಬೀಳ್ತೀಯ!" ಕೆಳಗಿನಿಂದ ಸಲಹೆ ಬಂತು.

"ಏಣಿ ಇಡೋ!" ಅಂತ ಅರಚಿದೆ.

"ಏಣಿ ಇಲ್ಲ ಮಾವ. ಅಮ್ಮ ಅಟ್ಟದಿಂದ ಏನೋ ಇಳಿಸಬೇಕು ಅಂದ್ರು."

ಹಗ್ಗ ಹಿಡಿದು ಜಾರಿದೆ. ಸೀದಾ ಕೊಟ್ಟಿಗೆ ಹಿಂದೆ ಹೋಗಿ ಪ್ಯಾಂಟ್ ಕೊಡವಿ ಬಂದೆ. ಅದರ ವಿವರ ಬೇಡ.

ಸಾಲದ ಮಿಷನ್ ಮರದಲ್ಲಿ ನೇತಾಡುತ್ತಿತ್ತು. ಅದನ್ನು ಬಿಡಿಸಲು ಕೊಂಬೆಯ ತುದಿ ಮೇಲೆತ್ತಬೇಕು, ಆಗ ಬಾಯಿ ಬಿಡುತ್ತದೆ. ಗೂಡಿನ ಕಡೆ ಬೂದಿ ಎರಚಿಕೊಂಡು ಮತ್ತೆ ಹತ್ತಿದೆ. ಹಗ್ಗವನ್ನು ಮೇಲಿನ ಕವಲಿಗೆ ಹಾಯಿಸಿ, ಒಂದು ತುದಿ ಕೊಂಬೆಗೆ ಕಟ್ಟಿ, ಇನ್ನೊಂದನ್ನು ಕೆಳಗೆ ಬಿಟ್ಟೆ. ಯಜಮಾನರು, ಮೇಸ್ತ್ರಿ, ಅಕ್ಕನ ಮಗ, ಮೂವರೂ ಹಿಡಿದರು. "ಎಳೀರಿ" ಅಂತ ಯಜಮಾನರು, "ತಡೀರಿ" ಅಂತ ಮೇಸ್ತ್ರಿ. ಇಬ್ಬರೂ ಜಗಳವಾಡುತ್ತಲೇ ಜಗ್ಗಿದರು. ಬಾಯಿ ಬಿಟ್ಟಿತು. ಮಿಷನ್ ಕೈಗೆ ಬಂತು. ಆಮೇಲೆ ಮೇಲಿನಿಂದ ಕೊಯ್ದು, ಕೊಂಬೆಯನ್ನು ಮಗು ಮಲಗಿಸಿದ ಹಾಗೆ ಅಂಗಳಕ್ಕೆ ಇಳಿಸಿದೆವು. ಹೆಂಚು ಒಡೆಯಲಿಲ್ಲ, ಹಣ್ಣೂ ಒಡೆಯಲಿಲ್ಲ.

ಅಮ್ಮ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಮಾಗಿದ ಹಣ್ಣೊಂದನ್ನು ಅಲ್ಲೇ ಕೊಯ್ಯಲು ಕೂತರು. ಜಗುಲಿಯ ಕುರ್ಚಿಯಿಂದ ಯಜಮಾನರು, "ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗಿಂದ ಕೊಯ್ಯಿ" ಅಂದರು.

ಅಮ್ಮ ಮೇಣ ಮೆತ್ತಿದ ಕತ್ತಿಯನ್ನು ಹಾಗೇ ಅವರ ಮುಂದೆ ಹಿಡಿದರು. "ತಗೊಳ್ಳಿ, ನೀವೇ ಕೊಯ್ಯಿರಿ."

ಯಜಮಾನರು ಪೇಪರ್ ಮಡಚಿಕೊಂಡು ಒಳಗೆ ಹೋದರು. ಈ ಉಪಾಯ ಬೆಳಿಗ್ಗೆಯೇ ಗೊತ್ತಿದ್ದರೆ ನಾನೂ ಮಿಷನ್ನನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಇಳಿಸಿಬಿಡುತ್ತಿದ್ದೆ.