ಕರೆಂಟು ಇದ್ದು, ವೋಲ್ಟೇಜ್ ಇಲ್ಲೆ

ಶಿರಸಿ ಕಡೆಯ ನಮ್ಮ ಊರಿನಲ್ಲಿ ಕರೆಂಟಿನ ವಿಚಾರಕ್ಕೆ ಇದೆ, ಇಲ್ಲ ಎಂಬ ಎರಡೇ ಉತ್ತರ ಸಾಲುವುದಿಲ್ಲ. ಫೋನಿನಲ್ಲಿ ಕೇಳಿದರೆ ಆಯಿ, 'ಕರೆಂಟು ಇದ್ದು, ವೋಲ್ಟೇಜ್ ಇಲ್ಲೆ' ಅನ್ನುತ್ತಾಳೆ. ಹುಷಾರಿಲ್ಲದ ನೆಂಟರ ಸುದ್ದಿ ಹೇಳಿದ ಹಾಗೆ.

ಮಾರ್ಚ್ ಬಂತೆಂದರೆ ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೇ ಶುರುವಾಗುತ್ತವೆ. ನಮ್ಮದೋ ಕೊನೆಯ ಕಂಬದ ಮನೆ. ತಂತಿ ಉದ್ದವಾದಷ್ಟೂ, ಅದರಲ್ಲಿ ಎಳೆಯುವವರು ಜಾಸ್ತಿಯಾದಷ್ಟೂ ವೋಲ್ಟೇಜ್ ದಾರಿಯಲ್ಲೇ ಸವೆಯುತ್ತದೆ. ತೋಟದಲ್ಲಿ ಮೊದಲನೇ ಸ್ಪ್ರಿಂಕ್ಲರ್ ಚಿಮ್ಮಿದರೆ ಕೊನೆಯದು ಬರೀ ಉಗುಳುತ್ತದಲ್ಲ, ಹಾಗೆ. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು, ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ, ಎಲ್ಲ ನಮ್ಮ ಜಿಲ್ಲೆಯಲ್ಲೇ ಇವೆ. ನಮ್ಮ ಮಿಕ್ಸಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

ಮೊನ್ನೆ ಸಂಜೆ ಬೇರೆ ಕೆಲಸವಿಲ್ಲದೆ ಆಯಿಯ ಕನ್ನಡಕ ಇಸಕೊಂಡು ಮನೆಯ ಸಾಮಾನುಗಳ ಬೆನ್ನು ಓದುತ್ತಾ ಕೂತೆ. ಮೊಬೈಲ್ ಚಾರ್ಜರಿನ ಮೇಲೆ ಸಾಸಿವೆಗಿಂತ ಸಣ್ಣ ಅಕ್ಷರ: ಇನ್‌ಪುಟ್ 100ರಿಂದ 240 ವೋಲ್ಟ್, ಔಟ್‌ಪುಟ್ 5 ವೋಲ್ಟ್, 2 ಆಂಪಿಯರ್. ಎಷ್ಟು ಬಡಿಸಿದರೂ ಸೈ ಎನ್ನುವ ಊಟಗಾರ. ಮಿಕ್ಸಿಯ ಅಡಿಯಲ್ಲಿ ಒಂದೇ ಮಾತು: 230 ವೋಲ್ಟ್, 750 ವ್ಯಾಟ್. ಫ್ರಿಜ್ಜಿನ ಸ್ಟೆಬಿಲೈಜರಿನ ಮುಳ್ಳು ಆಗ 160ರಲ್ಲಿತ್ತು. ತಂಬುಳಿಗೆ ಕಾಯಿ ಹಾಕಿ ತಿರುಗಿಸಿದರೆ ಗುಂಯ್ ಎಂದು ನರಳಿತೇ ಹೊರತು ಕಾಯಿ ಕಾಯಿಯಾಗಿಯೇ ಉಳಿಯಿತು.

ಕಾಯಿಸುವ ಸಾಮಾನಿನ ಲೆಕ್ಕ ಇನ್ನೂ ಮೋಸದ್ದು. ವೋಲ್ಟೇಜ್ 230ರಿಂದ 160ಕ್ಕೆ ಇಳಿದರೆ 1000 ವ್ಯಾಟಿನ ಕಾಯಿಲ್ ಕೊಡುವುದು ಸುಮಾರು 484 ವ್ಯಾಟ್. ಮೂರನೇ ಒಂದು ಭಾಗವೂ ಇಳಿದಿಲ್ಲ, ಕಾವು ಮಾತ್ರ ಅರ್ಧಕ್ಕಿಂತ ಕಡಿಮೆ! ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ, ಅಂದರೆ ಅದರ ವರ್ಗದ ಲೆಕ್ಕದಲ್ಲಿ, ಕಾವು ಕುಗ್ಗುತ್ತದೆ. ಪುಣ್ಯಕ್ಕೆ ನಮ್ಮ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಸಾಕು.

ನಿಜಕ್ಕೂ ಹೆದರಬೇಕಾದ್ದು ಫ್ರಿಜ್ಜಿಗೆ. ಕಾಯಿಲಿನ ಹಾಗೆ ಅದು ಸಿಕ್ಕಿದ್ದರಲ್ಲಿ ಸುಮ್ನಿರುವುದಿಲ್ಲ. ತಿರುಗಲಾಗದ ಮೋಟಾರು ಹಟ ಹಿಡಿದು ಕರೆಂಟನ್ನು ಇನ್ನೂ ಜಾಸ್ತಿ ಎಳೆಯುತ್ತದೆ, ಬಿಸಿಯಾಗುತ್ತದೆ. ಒಳಗಿನ ಓವರ್‌ಲೋಡ್ ಸ್ವಿಚ್ಚು 'ಟಕ್' ಎಂದು ಬಿಡಿಸದಿದ್ದರೆ ಮೋಟಾರಿನೊಳಗಿನ ತಂತಿಯ ಸುತ್ತು, ಅದೇ ವೈಂಡಿಂಗ್, ಸುಟ್ಟಂತೆಯೇ. ಅದಕ್ಕೇ ಸ್ಟೆಬಿಲೈಜರ್. ಆದರೆ ಅದೇನು ವೋಲ್ಟೇಜನ್ನು ಗಾಳಿಯಿಂದ ತರುತ್ತದಾ? 160ನ್ನು ಮೇಲೆತ್ತಲು ಲೈನಿನಿಂದ ಕರೆಂಟು ಜಾಸ್ತಿ ಹೀರುತ್ತದೆ. ಮನೆಗೊಂದು ಸ್ಟೆಬಿಲೈಜರ್ ಬಂದರೆ ಲೈನು ಇನ್ನಷ್ಟು ಕುಸಿಯುತ್ತದೆ. ಈ ಮಾತನ್ನು ಪಕ್ಕದ ಮನೆಯವರಿಗೆ ನಾನು ಹೇಳಿಲ್ಲ. ನಮ್ಮದೂ ಒಂದಿದೆಯಲ್ಲ.

ರಾತ್ರಿ ಹತ್ತೂವರೆಗೆ ಕೆಳಗಿನ ತೋಟದ ಪಂಪಿನ ಸದ್ದು ನಿಂತಿತು. ಸ್ಟೆಬಿಲೈಜರ್ ಟಿಕ್ ಟಿಕ್ ಎಂದಿತು, ಮುಳ್ಳು 210ಕ್ಕೆ ಏರಿತು. ಮಲಗಿದ್ದ ಆಯಿ ಎದ್ದು ಸೆರಗು ಕಟ್ಟಿಕೊಂಡಳು. 'ತಮಾ, ದೋಸೆ ಅಕ್ಕಿ ಇತ್ಲಾಗೆ ತಗಂಡು ಬಾ.'